ಎಂಟು ಗಂಟೆಯ ಸಿನಿಮಾ, ಒಂದು ಆಷಾಢ: ದಾವಣಗೆರೆಯ ಫ್ಯಾನ್ ಎಡಿಟ್ ಪ್ರಕರಣ

ನಾನು ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲೆ ಒಂದು ರೂಮು, ಎರಡು ಕಂಪ್ಯೂಟರ್. ಹದಿನಾರು ವರ್ಷದಿಂದ ಇದೇ ಕೆಲಸ. ಆಷಾಢದಲ್ಲಿ ಮದುವೆ ಇರುವುದಿಲ್ಲ. ಬಾಕಿ ಕೆಲಸ ಮುಗಿಸಿ, ಹಾರ್ಡ್ ಡಿಸ್ಕ್ ಖಾಲಿ ಮಾಡಿಕೊಳ್ಳುವ ತಿಂಗಳು ಅದು. ಕಳೆದ ಆಷಾಢದ ಮೊದಲ ವಾರ ನಮ್ಮ ಅಣ್ಣನ ಮಗ ಮೂರು ಬ್ಲೂ-ರೇ ಡಿಸ್ಕ್ ಹಿಡಿದು ಬಂದ. ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. "ಚಿಕ್ಕಪ್ಪ, ಈ ಮೂರನ್ನೂ ಸೇರಿಸಿ ಒಂದು ಸಿನಿಮಾ ಮಾಡ್ಬೇಕು. ನಿಮ್ಮ ಸಿಸ್ಟಮ್ ಖಾಲಿ ಇದೆಯಲ್ಲ?" ಎಂದ.

ಅವು 'ದಿ ಹಾಬಿಟ್' ಸಿನಿಮಾಗಳು. 2012, 2013, 2014ರಲ್ಲಿ ಒಂದೊಂದಾಗಿ ಬಂದವು. ಮೊದಲನೆಯದು 169 ನಿಮಿಷ, ಎರಡನೆಯದು 161, ಮೂರನೆಯದು 144. ಕೂಡಿಸಿದರೆ 7 ಗಂಟೆ 54 ನಿಮಿಷ. ಇಷ್ಟಕ್ಕೂ ಮೂಲ ಎಂದರೆ 1937ರಲ್ಲಿ ಮಕ್ಕಳಿಗಾಗಿ ಬಂದ ಒಂದೇ ಒಂದು ಪುಸ್ತಕ. ಬಿಲ್ಬೋ ಎಂಬ ಹಾಬಿಟ್, ಅಂದರೆ ಪುಟ್ಟ ಆಳು, ಹದಿಮೂರು ಕುಳ್ಳರ ಜೊತೆ ಡ್ರ್ಯಾಗನ್ ಕೂತಿರುವ ಬೆಟ್ಟದ ನಿಧಿಗಾಗಿ ಹೋಗುವ ಕಥೆ. ಹುಡುಗ ಅದನ್ನು ಪಿಯುಸಿಯಲ್ಲಿ ಓದಿದ್ದ. ಮೂರು ಸಲ ಓದಿದ್ದನಂತೆ. ಸಿನಿಮಾ ನೋಡಿದಾಗ ಅವನಿಗೆ ಬೇಜಾರಾಗಿತ್ತು. ಬೈದು ಸುಮ್ಮನಾಗುವ ಬೇಜಾರಲ್ಲ. ಒಳ್ಳೆಯದು ಒಳಗೇ ಇದೆ, ಮೇಲೆ ಏನೇನೋ ಬಿದ್ದು ಮುಚ್ಚಿಹೋಗಿದೆ ಅನ್ನುವ ಸಂಕಟ.

ಸಿನಿಮಾ ಹೀಗೇಕಾಯಿತು ಎಂಬುದಕ್ಕೆ ಕಾರಣ ಇದೆ. ಮೊದಲು ಗಿಯೆರ್ಮೋ ಡೆಲ್ ಟೋರೊ ನಿರ್ದೇಶಿಸಬೇಕಿತ್ತು. 2010ರಲ್ಲಿ ಅವರು ಬಿಟ್ಟುಹೋದರು. ಪೀಟರ್ ಜಾಕ್ಸನ್ ಕೈಗೆ ಬಂದಾಗ ತಯಾರಿಗೆ ಸಿಕ್ಕ ಸಮಯ ಕಡಿಮೆ. ಯೋಜನೆ ಇದ್ದದ್ದು ಎರಡು ಸಿನಿಮಾಕ್ಕೆ. 2012ರ ಜುಲೈ ಕೊನೆಯಲ್ಲಿ ಅದು ಮೂರು ಎಂದು ಹೇಳಿದರು. ಆ ಡಿಸೆಂಬರ್‌ನಲ್ಲೇ ಮೊದಲನೆಯದು ತೆರೆಗೆ ಬಂತು. ಎರಡು ಸಿನಿಮಾದ ಕಥೆಯನ್ನು ಮೂರಕ್ಕೆ ಎಳೆದರೆ ನಡುವೆ ಏನಾದರೂ ತುಂಬಲೇಬೇಕು, ಅಲ್ವಾ? ಪುಸ್ತಕದಲ್ಲಿ ಇಲ್ಲದ ಪ್ರೇಮ ಬಂತು, ಪುಸ್ತಕದಲ್ಲಿ ಎಂದೋ ಸತ್ತುಹೋಗಿದ್ದ ಖಳನಾಯಕ ಎದ್ದು ಬಂದ, ಮುಗಿಯದ ಯುದ್ಧ ಬಂತು. ದುಡ್ಡಿಗೇನೂ ಕೊರತೆ ಆಗಲಿಲ್ಲ. ಮೊದಲ ಭಾಗ ಒಂದೇ ನೂರು ಕೋಟಿ ಡಾಲರ್ ದಾಟಿತು.

ಸಿನಿಮಾ ಇಷ್ಟಪಟ್ಟವರೇ ಕುಳಿತು ಅದನ್ನು ಮತ್ತೆ ಎಡಿಟ್ ಮಾಡುವುದು ಹೊಸದೇನಲ್ಲ. ಇದಕ್ಕೆ ಫ್ಯಾನ್ ಎಡಿಟ್ ಎನ್ನುತ್ತಾರೆ. 1999ರ 'ಸ್ಟಾರ್ ವಾರ್ಸ್' ಸಿನಿಮಾ ನಿರಾಸೆ ಮಾಡಿದಾಗ ಮೈಕ್ ನಿಕೋಲ್ಸ್ ಎಂಬ ವೃತ್ತಿಯ ಎಡಿಟರ್ ಒಬ್ಬರು ಇಪ್ಪತ್ತು ನಿಮಿಷದ ಹತ್ತಿರ ತೆಗೆದು 'ದಿ ಫ್ಯಾಂಟಮ್ ಎಡಿಟ್' ಮಾಡಿದರು. ಅದು ವಿಎಚ್ಎಸ್ ಕ್ಯಾಸೆಟ್‌ಗಳಲ್ಲಿ ಕೈಯಿಂದ ಕೈಗೆ ಹೋಯಿತು. ಹಾಬಿಟ್ ಸರಣಿಯನ್ನು ಒಂದೇ ಸಿನಿಮಾ ಮಾಡಿದವರೂ ಹೊರದೇಶಗಳಲ್ಲಿ ಹಲವರಿದ್ದಾರೆ. ಹುಡುಗನಿಗೆ ಅದು ಗೊತ್ತಿತ್ತು. ಬೇಕಂತಲೇ ನೋಡಿರಲಿಲ್ಲ. "ನೋಡಿದ್ರೆ ಅವರ ಕಟ್ಟೇ ತಲೇಲಿ ಕೂರುತ್ತೆ" ಎಂದ. ನನಗೆ ಆ ಮಾತು ಹಿಡಿಸಿತು. ಒಪ್ಪಿದೆ.

ಶುರುವಾದದ್ದೇ ನನ್ನ ತಪ್ಪಿನಿಂದ. ನಮ್ಮ ಕಡೆ ಮದುವೆ ವಿಡಿಯೋ ಎಲ್ಲ ಸೆಕೆಂಡಿಗೆ 25 ಫ್ರೇಮ್. ನನ್ನ ಕೈ ತಾನಾಗೇ ಪ್ರಾಜೆಕ್ಟ್ ಅನ್ನು 25ಕ್ಕೆ ಇಟ್ಟಿತು. ಡಿಸ್ಕ್‌ನಲ್ಲಿರುವ ಸಿನಿಮಾ 23.976 ಫ್ರೇಮ್. ಮೂರು ಸಂಜೆ ಕೆಲಸ ಮಾಡಿದ ಮೇಲೆ ಹುಡುಗ ಸ್ಕ್ರೀನ್ ಹತ್ತಿರ ಮುಖ ತಂದು, "ಚಿಕ್ಕಪ್ಪ, ಇವ್ನು ನಡೀವಾಗ ಎಡವಿದ ಹಾಗೆ ಕಾಣ್ತಿಲ್ವಾ?" ಎಂದ. ನಿಜ. ಸೆಕೆಂಡಿಗೆ ಒಂದು ಸಲ ಒಂದು ಫ್ರೇಮ್ ಎರಡು ಬಾರಿ ಬರುತ್ತಿತ್ತು. ಕ್ಯಾಮೆರಾ ನಿಧಾನ ತಿರುಗುವಾಗ ಕಣ್ಣಿಗೆ ಚುಚ್ಚುತ್ತಿತ್ತು. ನಾವು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಹಾಕಿ ಕೆಲಸ ಶುರು ಮಾಡಿದ ಮೇಲೆ ಟೈಮ್‌ಲೈನ್‌ನ ಫ್ರೇಮ್ ರೇಟ್ ಬದಲಿಸಲು ಬರುವುದಿಲ್ಲ. ಹೊಸ ಪ್ರಾಜೆಕ್ಟ್ ತೆರೆದು ಮೊದಲಿಂದ ಮಾಡಿದೆವು. ಈ ಕೆಲಸಕ್ಕೆ ಕೂರುವವರು ಮೊದಲು ನೋಡಬೇಕಾದ ಅಂಕಿ ಅದು. ಕತ್ತರಿ ಆಮೇಲೆ.

ಎರಡನೇ ಸಲ ಕೂರುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡೆವು. ಮೂರೂ ಸಿನಿಮಾದ ಪ್ರತಿ ದೃಶ್ಯ ಬರೆದು ಪಕ್ಕದಲ್ಲಿ ಒಂದೇ ಪ್ರಶ್ನೆ ಹಾಕಿದೆವು: ಇಲ್ಲಿ ಬಿಲ್ಬೋ ಇದ್ದಾನಾ? ಇಲ್ಲದಿದ್ದರೆ, ಇದು ಅವನಿಗೆ ಮುಂದೆ ತಟ್ಟುತ್ತದಾ? ಮದುವೆಯಲ್ಲೂ ನಾನು ಹೀಗೇ ಮಾಡುವುದು. ನಾಲ್ಕು ಕ್ಯಾಮೆರಾದ ಹತ್ತಾರು ಗಂಟೆ ಫುಟೇಜ್ ಬರುತ್ತದೆ. ಊಟದ ಸಾಲು ಇರುತ್ತದೆ, ಸ್ಟೇಜ್ ಮೇಲೆ ಉಡುಗೊರೆ ಕೊಡುವ ಸಾಲು ಇರುತ್ತದೆ. ಹುಡುಗ ಹುಡುಗಿ ಇಬ್ಬರನ್ನೂ ಬಿಟ್ಟು ಎಷ್ಟು ದೂರ ಹೋಗಬಹುದು ಅನ್ನುವುದೇ ಎಡಿಟಿಂಗ್.

ಬೇಗ ಹೋದದ್ದು ಮಾಂತ್ರಿಕ ಗ್ಯಾಂಡಾಲ್ಫ್ ಗುಂಪು ಬಿಟ್ಟು ಒಂದು ಕೋಟೆಗೆ ಹೋಗುವ ಪ್ರಸಂಗ. ಪುಸ್ತಕದಲ್ಲಿ ಅವನು ಕಾಡಿನ ಅಂಚಿನಲ್ಲಿ ಹೊರಟುಹೋಗಿ ಕೊನೆಗೆ ಬರುತ್ತಾನೆ. ಹಾಗೇ ಮಾಡಿದೆವು. ಒಂದು ಸಣ್ಣ ಕಲೆ ಉಳಿಯಿತು: ವಾಪಸ್ ಬಂದಾಗ ಅವನ ಕೈಯಲ್ಲಿ ಬೇರೆ ಕೋಲು ಇದೆ. ಹಳೆಯದು ಆ ಕೋಟೆಯಲ್ಲಿ ಮುರಿದಿರುತ್ತದೆ. ಮನೆಯಲ್ಲಿ ನೋಡಿದವರಲ್ಲಿ ಒಬ್ಬರೂ ಗಮನಿಸಲಿಲ್ಲ. ಹುಡುಗನಿಗೆ ಮಾತ್ರ ಈಗಲೂ ಆ ಕೋಲು ಕಂಡರೆ ಆಗುವುದಿಲ್ಲ.

ಕಲ್ಲಿನ ದೈತ್ಯರ ಜಾಗದಲ್ಲಿ ನಾವು ನಾಲ್ಕು ದಿನ ಕೂತೆವು. ಮೊದಲ ಭಾಗದಲ್ಲಿ ಎಲ್ಲರೂ ಮಳೆಯಲ್ಲಿ ಬೆಟ್ಟದ ಕಿರಿದಾರಿ ಹತ್ತುತ್ತಿರುತ್ತಾರೆ. ಬೆಟ್ಟಗಳೇ ಎದ್ದು ಹೊಡೆದಾಡುತ್ತವೆ. ಪುಸ್ತಕದಲ್ಲಿ ಅದಕ್ಕೆ ಕೆಲವೇ ಸಾಲು. ಸಿನಿಮಾದಲ್ಲಿ ದೊಡ್ಡ ಗದ್ದಲ. "ಪೂರ್ತಿ ತೆಗೀರಿ" ಎಂದ ಹುಡುಗ. ತೆಗೆದೆ. ನೋಡಿದರೆ ಇನ್ನೊಂದು ಹೋಗಿತ್ತು. ಆ ಗದ್ದಲ ಮುಗಿದ ಮೇಲೆ ಬಿಲ್ಬೋ ಬಂಡೆಯ ಅಂಚಿನಲ್ಲಿ ನೇತಾಡುತ್ತಾನೆ. ಕುಳ್ಳರ ನಾಯಕ ಥೋರಿನ್ ಎತ್ತಿ ಉಳಿಸುತ್ತಾನೆ. ಉಳಿಸಿ, ಇವನು ಬರಲೇಬಾರದಿತ್ತು ಎಂದು ಎಲ್ಲರ ಮುಂದೆ ಹೇಳುತ್ತಾನೆ. ಆ ಭಾಗದ ಕೊನೆಯಲ್ಲಿ ಅದೇ ಥೋರಿನ್ ಬಿಲ್ಬೋನನ್ನು ಅಪ್ಪಿಕೊಂಡು, ನಾನು ಅಂದದ್ದು ತಪ್ಪು ಎನ್ನುತ್ತಾನೆ. ಮೊದಲಿನ ಮಾತು ಇಲ್ಲದೆ ಆ ಅಪ್ಪುಗೆಗೆ ತೂಕ ಇಲ್ಲ.

ಹಾಗಾದರೆ ದೈತ್ಯರು ಹೋಗಬೇಕು, ನೇತಾಡುವುದು ಇರಬೇಕು. ಚಿತ್ರದಲ್ಲಿ ಅದು ಸಲೀಸು. ಮಳೆ, ಕಾಲು ಜಾರುತ್ತದೆ, ಕೈ ಅಂಚು ಹಿಡಿದಿದೆ. ಶಬ್ದದಲ್ಲಿ ಆಗಲಿಲ್ಲ. ದೈತ್ಯರಿಗಾಗಿ ಸಂಗೀತ ಮೇಲೆ ಮೇಲೆ ಏರಿರುತ್ತದೆ. ನಡುವೆ ಕತ್ತರಿಸಿದರೆ ತಂಬೂರಿ ತಂತಿ ಹರಿದ ಹಾಗೆ ಕೇಳುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿನ ವಾಲಗವನ್ನು ಅರ್ಧಕ್ಕೆ ತುಂಡು ಮಾಡಿದರೆ ಬೀಗರು ಅಲ್ಲೇ ತಲೆ ಎತ್ತುತ್ತಾರೆ. ಯಾಕೆ ಎಂದು ಅವರಿಗೆ ಹೇಳಲು ಬರುವುದಿಲ್ಲ, ಆದರೆ ಏನೋ ತಪ್ಪಿತು ಎಂದು ಗೊತ್ತಾಗುತ್ತದೆ. ಕಣ್ಣು ಎಷ್ಟೋ ಕ್ಷಮಿಸುತ್ತದೆ, ಕಿವಿ ಕ್ಷಮಿಸುವುದಿಲ್ಲ.

ಡಿಸ್ಕ್‌ನಲ್ಲಿ ಶಬ್ದ ಬೇರೆ ಬೇರೆ ಚಾನೆಲ್‌ಗಳಲ್ಲಿ ಇರುತ್ತದೆ. ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ. ಸಂಗೀತ ಹೆಚ್ಚಾಗಿ ಎಡಬಲದಲ್ಲಿ. ಮಳೆ ಗಾಳಿ ಸುತ್ತಲೂ, ಹಿಂದಿನ ಚಾನೆಲ್‌ಗಳಲ್ಲೂ. ಈ ವಿಂಗಡಣೆ ಒಂದೇ ಫ್ಯಾನ್ ಎಡಿಟ್ ಮಾಡುವವರ ಕೈಗೆ ಸಿಗುವ ಆಸರೆ. ನಾವು ಎಡಬಲವನ್ನು ಬೇಗನೆ ಇಳಿಸಿದೆವು, ಏರು ಶುರುವಾಗುವ ಮುಂಚೆಯೇ. ಹಿಂದಿನ ಚಾನೆಲ್‌ನಿಂದ ಆರು ಸೆಕೆಂಡು ಬರೀ ಮಳೆ ಎತ್ತಿಕೊಂಡು ಹೊಲಿಗೆಯ ಮೇಲೆ ಹಾಸಿದೆವು. ಅದರ ಮೇಲೆ ಇನ್ನೊಂದು ಜಾಗದ ಗುಡುಗು. ಗುಡುಗು ಬಿದ್ದ ಫ್ರೇಮ್‌ನಲ್ಲೇ ಚಿತ್ರ ಕಟ್. ಥೋರಿನ್ ಮಾತು ಮುಗಿದು ಗುಹೆ ಬರುವ ಮೊದಲೇ ಗುಹೆಯ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿದೆವು. ನಮ್ಮ ಭಾಷೆಯಲ್ಲಿ ಇದು ಜೆ ಕಟ್. ಶಬ್ದ ಮುಂದೆ, ಚಿತ್ರ ಹಿಂದೆ. ಒಂದು ನಿಮಿಷ ಹತ್ತು ಸೆಕೆಂಡಿನ ತುಣುಕಿಗೆ ನಾಲ್ಕು ದಿನ. ಹುಡುಗ ಹೆಡ್‌ಫೋನ್ ತೆಗೆದು, "ಈಗ ಕೇಳ್ತಾ ಇಲ್ಲ" ಎಂದ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಮತ್ತೊಂದು ಕಗ್ಗಂಟು ಕೀಲಿಯದು. ಕೀಲಿ ಎಂದರೆ ಹದಿಮೂರು ಕುಳ್ಳರಲ್ಲಿ ಚಿಕ್ಕ ವಯಸ್ಸಿನವನು. ಸಿನಿಮಾದಲ್ಲಿ ಟೌರಿಯೆಲ್ ಎಂಬ, ಎಲ್ಫ್ ಅನ್ನುವ ಕಾಡಿನ ಜನಾಂಗದ ಹುಡುಗಿಗೂ ಅವನಿಗೂ ಪ್ರೀತಿ. ಪುಸ್ತಕದಲ್ಲಿ ಟೌರಿಯೆಲ್ ಇಲ್ಲವೇ ಇಲ್ಲ. ಹುಡುಗನ ಪಟ್ಟಿಯಲ್ಲಿ ಮೊದಲು ಹೋಗಬೇಕಾದವಳು ಅವಳೇ. ಆದರೆ ಎಳೆ ಎಳೆದರೆ ಬಟ್ಟೆಯೇ ಬಿಚ್ಚಿಕೊಂಡು ಬಂತು. ಅವಳು ಇಲ್ಲದಿದ್ದರೆ ಕೀಲಿಗೆ ತಗುಲಿದ ಬಾಣದ ಗಾಯ ವಾಸಿ ಮಾಡುವವರಿಲ್ಲ. ಗಾಯವನ್ನೇ ತೆಗೆಯೋಣ ಎಂದರೆ, ಆ ಗಾಯದಿಂದಲೇ ಅವನನ್ನು ಸರೋವರದ ಊರಿನಲ್ಲಿ ಬಿಟ್ಟುಹೋಗುತ್ತಾರೆ. ಅವನ ಜೊತೆ ಇನ್ನು ಮೂವರು ಉಳಿಯುತ್ತಾರೆ. ಆ ಕಾರಣ ತೆಗೆದರೆ ಬೆಟ್ಟಕ್ಕೆ ಹೋದ ಕುಳ್ಳರು ಒಂಬತ್ತೇ ಜನ ಯಾಕೆ ಎಂಬುದಕ್ಕೆ ಉತ್ತರ ಇಲ್ಲ. ಮೊದಲ ಆವೃತ್ತಿಯಲ್ಲಿ ನಾವು ಅವಳ ಮುಖ ಇರುವ ಪ್ರತಿ ಶಾಟ್ ಕಿತ್ತೆವು. ದೋಣಿಯಲ್ಲಿ ಅವಳ ಭುಜ ಮಾತ್ರ ಕಾಣುವ ಕಡೆ ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸಿದೆವು. ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ. ಮಸುಕಾಗಲಿ ಎಂದು ಬಿಟ್ಟೆವು. ಅದು ಹಟ, ಎಡಿಟಿಂಗ್ ಅಲ್ಲ. ಆಗ ಹೊಳೆಯಲಿಲ್ಲ.

ಮೊದಲ ಆವೃತ್ತಿ 3 ಗಂಟೆ 12 ನಿಮಿಷಕ್ಕೆ ಬಂತು. ವಿದ್ಯಾನಗರದ ಅಣ್ಣನ ಮನೆಯಲ್ಲಿ ಒಂದು ಭಾನುವಾರ ಹಾಕಿದೆವು. ಅವ್ವ, ಅಣ್ಣ, ಅತ್ತಿಗೆ, ಹುಡುಗನ ಇಬ್ಬರು ಗೆಳೆಯರು. ಕನ್ನಡ ಸಬ್‌ಟೈಟಲ್ ಹುಡುಗನೇ ಬರೆದಿದ್ದ. ನಡುವೆ ಒಂದು ಪುಟ್ಟಿ ಖಾರ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ. ನಾನು ಟಿವಿ ನೋಡಲಿಲ್ಲ. ನೋಡುವವರನ್ನು ನೋಡಿದೆ. ಮಂಡಕ್ಕಿ ಒಳ್ಳೆಯ ಮೀಟರ್. ಕಥೆ ಹಿಡಿದಾಗ ಕೈ ಪುಟ್ಟಿಯಲ್ಲೇ ನಿಲ್ಲುತ್ತದೆ, ಬಾಯಿಗೆ ಹೋಗುವುದಿಲ್ಲ. ಹಿಡಿತ ತಪ್ಪಿದಾಗ ನಾಲ್ಕು ಕೈ ಒಟ್ಟಿಗೆ ಪುಟ್ಟಿಗೆ ಬರುತ್ತವೆ. ಯಾವ ನಿಮಿಷಕ್ಕೆ ಕೈ ಬಂದವು ಎಂದು ಬರೆದುಕೊಂಡೆ.

ಗುಹೆಯೊಳಗೆ ಗಾಲಮ್ ಎಂಬ ವಿಚಿತ್ರ ಜೀವಿ ಮತ್ತು ಬಿಲ್ಬೋ ಒಗಟು ಹಾಕಿಕೊಳ್ಳುವ ದೃಶ್ಯವನ್ನು ನಾವು ಒಂದು ಫ್ರೇಮ್ ಕೂಡ ಮುಟ್ಟಿರಲಿಲ್ಲ. ಅಲ್ಲಿ ಎಲ್ಲ ಕೈಗಳೂ ನಿಂತವು. ಅವ್ವನಿಗೆ ಅಕ್ಷರ ಬರುತ್ತದೆ, ಆದರೆ ಟಿವಿಯಲ್ಲಿ ಓಡುವ ಅಕ್ಷರ ಹಿಡಿಯಲು ಆಗುವುದಿಲ್ಲ. ಮೊಮ್ಮಗ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದ. ಬಾಗಿಲಿಲ್ಲದ ಪೆಟ್ಟಿಗೆ, ಒಳಗೆ ಬಂಗಾರ ಎಂದು ಅವನು ಓದಿದ್ದೇ ತಡ, ಗಾಲಮ್ ಇನ್ನೂ ತಲೆ ಕೆರೆದುಕೊಳ್ಳುತ್ತಿರುವಾಗ ಅವ್ವ, "ಮೊಟ್ಟೆ ಕಣೋ, ಅಷ್ಟೂ ಗೊತ್ತಾಗಲ್ವಾ ಅವಂಗೆ!" ಎಂದಳು. ಎಲ್ಲೋ ನ್ಯೂಜಿಲೆಂಡಿನಲ್ಲಿ ತೆಗೆದ ದೃಶ್ಯ ಆ ಹೊತ್ತಿಗೆ ನಮ್ಮ ಮನೆಯದಾಯಿತು. ಇದನ್ನು ಮುಟ್ಟದೆ ಬಿಟ್ಟದ್ದೇ ನಾವು ಮಾಡಿದ ಒಳ್ಳೆಯ ಎಡಿಟ್ ಎಂದು ನನಗೆ ಅನಿಸಿತು.

ಆಮೇಲೆ ತೊಂದರೆ ಶುರು. ಡ್ರ್ಯಾಗನ್ ಸರೋವರದ ಊರು ಸುಡುತ್ತದೆ, ಬಾರ್ಡ್ ಎಂಬವನು ಬಿಲ್ಲು ಹಿಡಿದು ಅದನ್ನು ಕೊಲ್ಲುತ್ತಾನೆ. ಅತ್ತಿಗೆ ಕೇಳಿದರು: "ಇವ್ನ್ಯಾರು? ಇಷ್ಟು ದೊಡ್ಡ ಕೆಲಸ ಮಾಡೋನು ಈಗ ಬಂದ್ನಲ್ಲ?" ಊರಿನ ರಾಜಕೀಯ ಬೇಡ ಎಂದು ನಾವು ಬಾರ್ಡ್‌ನ ಹಿಂದಿನ ದೃಶ್ಯಗಳನ್ನೆಲ್ಲ ತೆಗೆದಿದ್ದೆವು. "ಪುಸ್ತಕದಲ್ಲೂ ಅವ್ನು ಹಾಗೇ ಸಡನ್ ಆಗಿ ಬರೋದು ಅಮ್ಮ" ಎಂದ ಹುಡುಗ. "ನಾನು ಪುಸ್ತಕ ಓದ್ತಾ ಇದೀನೇನೋ?" ಎಂದರು ಅತ್ತಿಗೆ.

ಆ ಪ್ರಶ್ನೆ ಅವನನ್ನು ಎರಡು ದಿನ ಮಾತಾಡಿಸಲಿಲ್ಲ. ನನಗೆ ಅನಿಸಿದ್ದನ್ನು ಹೇಳಿದೆ. ಪುಸ್ತಕದಲ್ಲಿ ಕಥೆ ಹೇಳುವವನ ದನಿ ಇದೆ. ಅವನು ಹೊಸಬನನ್ನು ಕೈ ಹಿಡಿದು ಕರೆತಂದು ಪರಿಚಯ ಮಾಡಿಸಬಹುದು. ಸಿನಿಮಾದಲ್ಲಿ ಆ ದನಿ ಇಲ್ಲ, ಮುಖ ಮಾತ್ರ ಇದೆ. ಮುಖ ಪರಿಚಯ ಆಗಲು ಹೊತ್ತು ಬೇಕು. ಆ ವಿಷಯದಲ್ಲಿ ಸಿನಿಮಾ ಮಾಡಿದವರು ಸರಿ ಇದ್ದರು. ನಾವು ಪುಸ್ತಕ ಇಟ್ಟುಕೊಂಡು ಸಿನಿಮಾ ತಿದ್ದಲು ಹೊರಟಿದ್ದೆವು. ನಮ್ಮ ಕೈಯಲ್ಲಿ ಇದ್ದದ್ದು ಪುಸ್ತಕ ಅಲ್ಲ, ಅವರು ತೆಗೆದ ಶಾಟ್‌ಗಳು.

ಸತ್ತು ಎದ್ದು ಬಂದ ಖಳ ಅಝಾಗ್ ವಿಷಯದಲ್ಲೂ ಇದೇ ಜಗಳ. ಹುಡುಗನಿಗೆ ಅವನು ಬೇಡವೇ ಬೇಡ. ನಾನು ಇರಲಿ ಎಂದೆ. ಉರಿಯುವ ಮರಗಳ ನಡುವೆ ಅಝಾಗ್ ಎದುರು ಥೋರಿನ್ ಬಿದ್ದಾಗ ಬಿಲ್ಬೋ ಕತ್ತಿ ಹಿಡಿದು ಓಡುತ್ತಾನೆ. ಆ ಓಟದಿಂದಲೇ ಅಪ್ಪುಗೆ. ಅಪ್ಪುಗೆಯಿಂದಲೇ ಕೊನೆಗೆ ಥೋರಿನ್ ಸಾಯುವಾಗ ಬಿಲ್ಬೋ ಅಳುವುದು. ಅಝಾಗ್ ಹೋದರೆ ಈ ಮೂರೂ ಹೋಗುತ್ತವೆ. ಕೊನೆಗೆ ಅವನ ಹಿಂದಿನ ಕಥೆ ಕಡಿಮೆ ಮಾಡಿ, ಬೆನ್ನಟ್ಟುವ ದೃಶ್ಯಗಳಲ್ಲಿ ಹೆಚ್ಚಿನವು ತೆಗೆದು, ಮರದ ಜಾಗ ಉಳಿಸಿಕೊಂಡೆವು.

ಎರಡನೇ ಆವೃತ್ತಿಗೆ ಬಾರ್ಡ್ ವಾಪಸ್ ಬಂದ. ಟೌರಿಯೆಲ್ ಕೂಡ ಬಂದಳು, ಆದರೆ ಪ್ರೇಮಿಯಾಗಿ ಅಲ್ಲ. ಕಾಡಿನ ಕಾವಲುಗಾತಿ, ಗಾಯಕ್ಕೆ ಮದ್ದು ಹಾಕಿದವಳು, ಅಷ್ಟೇ. ನಕ್ಷತ್ರದ ಮಾತು, ಕಲ್ಲು ಕೊಡುವುದು, ಕೊನೆಯ ಅಳು ಹೋದವು. ಮಸುಕಾದ ಶಾಟ್‌ಗಳನ್ನೆಲ್ಲ ಅಸಲಿಗೆ ತಂದೆವು. ಕರಗಿದ ಬಂಗಾರದಲ್ಲಿ ಡ್ರ್ಯಾಗನ್ ಮುಳುಗಿಸುವ ಪ್ರಸಂಗ ಪೂರ್ತಿ ತೆಗೆದೆವು. ಅಲ್ಲೊಂದು ಇಕ್ಕಟ್ಟು: ಹೊರಗೆ ಹಾರುವಾಗ ಅದರ ಮೈಮೇಲೆ ಬಂಗಾರ ಮೆತ್ತಿಕೊಂಡಿದೆ. ಆ ಶಾಟ್ ಇಟ್ಟರೆ ಬಂಗಾರ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಮೂರನೇ ಸಿನಿಮಾದ ಆರಂಭದಿಂದ ಅದು ಊರಿನ ಕಡೆ ಹಾರಿ ಬರುವ ಶಾಟ್ ತಂದು ಹಾಕಿದೆವು. ಯುದ್ಧವನ್ನು ಹದಿನಾಲ್ಕು ನಿಮಿಷಕ್ಕೆ ಇಳಿಸಿದೆವು. ಬಿಲ್ಬೋ ಪೆಟ್ಟು ತಿಂದು ಪ್ರಜ್ಞೆ ತಪ್ಪುವ ಜಾಗ ಸಿನಿಮಾದಲ್ಲೇ ಇದೆ, ಅದನ್ನೇ ಯುದ್ಧದಿಂದ ಹೊರಬರುವ ಬಾಗಿಲು ಮಾಡಿಕೊಂಡೆವು. ಒಟ್ಟು 4 ಗಂಟೆ 3 ನಿಮಿಷ. ಮೊದಲಿನದಕ್ಕಿಂತ ಮುಕ್ಕಾಲು ಗಂಟೆಗೂ ಜಾಸ್ತಿ, ಆದರೆ ಎರಡನೇ ಭಾನುವಾರ ಮಂಡಕ್ಕಿ ಅರ್ಧ ಪುಟ್ಟಿ ಉಳಿಯಿತು.

ಒಬ್ಬ ಗೆಳೆಯ, ಕಾಲೇಜು ಫೆಸ್ಟ್‌ನಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸೋಣ ಎಂದ. ಇನ್ನೊಬ್ಬ, ಎಲ್ಲಾದರೂ ಅಪ್‌ಲೋಡ್ ಮಾಡು ಎಂದ. ಎರಡೂ ಬೇಡ ಎಂದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಸ್ವಲ್ಪ ಜಾಗ ಕೊಡುತ್ತದೆ. ಊರಿಗೆಲ್ಲ ತೋರಿಸುವುದು ಸ್ವಂತ ಬಳಕೆ ಅಲ್ಲ. 57ನೇ ಸೆಕ್ಷನ್ ಪ್ರಕಾರ ತನ್ನ ಕೃತಿಯನ್ನು ಹೆಸರು ಕೆಡುವಂತೆ ತಿರುಚಿದರೆ ಕರ್ತೃ ಕೇಳಬಹುದು. 2012ರ ತಿದ್ದುಪಡಿಯಲ್ಲಿ 65ಎ ಸೇರಿತು. ಹಕ್ಕು ಮುರಿಯುವ ಉದ್ದೇಶದಿಂದ ಡಿಸ್ಕ್‌ನ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಈ ಕೆಲಸ ಮಾಡುವವರಲ್ಲೇ ಒಂದು ಕಟ್ಟುಪಾಡು ಇದೆ: ಅಸಲಿ ಪ್ರತಿ ನೀನು ಕೊಂಡಿರಬೇಕು, ಒಂದು ರೂಪಾಯಿಯೂ ಮುಟ್ಟಬಾರದು. ನಮ್ಮ ಹುಡುಗ ಡಿಸ್ಕ್ ಕೊಂಡಿದ್ದ. ಫೈಲು ಅಣ್ಣನ ಮನೆ ದಾಟಿಲ್ಲ.

ಅದೇ ಗೆಳೆಯ ಇನ್ನೊಂದು ಹೇಳಿದ. ಬೇಕಾದ ಶಾಟ್ ಇಲ್ಲದ ಕಡೆ ಎಐನಿಂದ ಮಾಡಿಸಿ ಸೇರಿಸಿ, ಕೋಲಿನ ಸಮಸ್ಯೆಯೂ ತೀರುತ್ತದೆ ಅಂತ. ಹುಡುಗ ನನಗಿಂತ ಮೊದಲೇ ಆಗಲ್ಲ ಎಂದ. 2025ರ ಆಗಸ್ಟ್‌ನಲ್ಲಿ 'ರಾಂಝಣಾ' ಸಿನಿಮಾದ ತಮಿಳು ಅವತರಣಿಕೆಯನ್ನು ಎಐನಿಂದ ಬದಲಿಸಿದ ಕೊನೆಯೊಂದಿಗೆ ಮತ್ತೆ ಬಿಡುಗಡೆ ಮಾಡಿದರು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ಅಲ್ಲಿ ಮಾಡಿದ್ದು ಹಕ್ಕು ಇದ್ದವರೇ. ಆದರೂ ನಟ ಆಡದ ನಟನೆಯನ್ನು ಅವನ ಮುಖಕ್ಕೆ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಮದುವೆಯಲ್ಲಿ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ಸೇರಿಸಿಕೊಡಿ ಎಂದು ಕೇಳುತ್ತಾರೆ. ನಾನು ಮಾಡಿಕೊಡುವುದಿಲ್ಲ. ಇದ್ದದ್ದರಲ್ಲಿ ಯಾವುದು ಬೇಕು, ಯಾವುದರ ಪಕ್ಕ ಯಾವುದು ಎಂದು ಆರಿಸುವುದಷ್ಟೇ ನನ್ನ ಕೈಯ ಕೆಲಸ.

ಶ್ರಾವಣದ ಎರಡನೇ ವಾರ ಹರಿಹರದ ಒಂದು ಮದುವೆಯ ಫುಟೇಜ್ ಬಂತು. ಪ್ರಾಜೆಕ್ಟ್ ಮುಚ್ಚಿ ಬೇರೆ ಡಿಸ್ಕ್‌ಗೆ ಹಾಕಿದೆವು. ಕೆಲಸ ಪೂರ್ತಿ ಮುಗಿದಿಲ್ಲ. 2 ಗಂಟೆ 51ನೇ ನಿಮಿಷದಲ್ಲಿ, ಬಿಲ್ಬೋ ಬೆಟ್ಟದ ಹೊರಗೆ ಓಡಿ ಬರುವ ಕಡೆ, ಒಂದು ಪಿಟೀಲಿನ ದನಿ ಅರ್ಧಕ್ಕೆ ಕಡಿಯುತ್ತದೆ. ಸುಮಾರು ಎಂಟು ಫ್ರೇಮ್. ಮೂರು ರೀತಿ ಹೊಲಿದು ನೋಡಿದೆವು, ಮೂರೂ ಕೇಳಿಸುತ್ತವೆ. ಆ ಟೈಮ್‌ಕೋಡ್ ಬರೆದು ಹುಡುಗ ನನ್ನ ಮಾನಿಟರ್ ಅಂಚಿಗೆ ಚೀಟಿ ಅಂಟಿಸಿ ಹೋಗಿದ್ದಾನೆ. ಕೆಳಗೆ 'ಮುಂದಿನ ಆಷಾಢ' ಎಂದಿದೆ.